ತರಬೇತಿ ಮುಗಿದ ಮೇಲೆ

ಕೇಳುಗರೇ, ನಮಸ್ಕಾರ. ಮಾನವ ಸಂಪನ್ಮೂಲ ವಿಭಾಗ ಅಂದರೆ ಕೆಲವರಿಗೆ ಅರ್ಥವಾಗುವುದಿಲ್ಲ, ಎಚ್‌ಆರ್ ಅಂದರೆ ಎಲ್ಲರಿಗೂ ಗೊತ್ತು. ನಾನು ಅಲ್ಲಿಯವಳೇ. ನೌಕರರಿಗೆ ತರಬೇತಿ ಕೊಡಿಸುವುದು ನನ್ನ ಪಾಲಿನ ಕೆಲಸ. ಹಾಲ್ ಬುಕ್ ಮಾಡಿ, ಪ್ರೊಜೆಕ್ಟರ್ ಹಾಕಿ, ಹಾಜರಿ ಹಾಳೆಗೆ ಸಹಿ ಹಾಕಿಸಿದರೆ ಮುಗೀತು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಒಮ್ಮೆ ಆಫೀಸಿಗೆ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬರುವುದಿತ್ತು. 40 ಜನರನ್ನು ಎರಡು ದಿನ ಕೂರಿಸಿ ಕಲಿಸಿದೆವು. ಇಪ್ಪತ್ತು ವರ್ಷ ಸರ್ವಿಸ್ ಆದವರೂ ಹೋದ ವಾರ ಸೇರಿದವರೂ ಒಂದೇ ಬ್ಯಾಚಿನಲ್ಲಿ. ಒಬ್ಬರಿಗೆ ಆಕಳಿಕೆ, ಇನ್ನೊಬ್ಬರಿಗೆ ಗಾಬರಿ. ಕೊನೆಗೆ ಅಭಿಪ್ರಾಯದ ಫಾರಂ ಹಂಚಿದೆವು. ಎಲ್ಲರೂ ಐದಕ್ಕೆ ಐದು ಕೊಟ್ಟರು. ಮನೆಗೆ ಹೋಗುವ ಆತುರದಲ್ಲಿ ಯಾರು ತಾನೇ ಕಡಿಮೆ ಕೊಡುತ್ತಾರೆ! ನಾನು ಮಾತ್ರ ಹಿಗ್ಗಿದೆ.

ಸಾಫ್ಟ್‌ವೇರ್ ಬಂದದ್ದು ಆರು ವಾರ ತಡವಾಗಿ. ಅವತ್ತು ಬೆಳಿಗ್ಗೆಯಿಂದ ನನ್ನ ಫೋನಿಗೆ ಬಿಡುವಿಲ್ಲ. "ಮೇಡಂ, ತಪ್ಪು ಬಿಲ್ ರದ್ದು ಮಾಡುವುದು ಎಲ್ಲಿ?" ಆ ಒಂದು ಪಾಠಕ್ಕೇ ಅರ್ಧ ದಿನ ಹಿಡಿದಿತ್ತು.

ತಪ್ಪು ಅವರದಲ್ಲ. ಎಬ್ಬಿಂಗ್‌ಹಾಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಉರು ಹೊಡೆದು, ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಅದನ್ನು ಪ್ರಕಟಿಸಿದ. ಒಂದು ದಿನ ಬಿಟ್ಟು ಅದನ್ನೇ ಮತ್ತೆ ಕಲಿಯಲು ಕೂತರೆ, ಮೊದಲ ಸಲದ ಶ್ರಮದಲ್ಲಿ ಉಳಿತಾಯವಾಗುತ್ತಿದ್ದದ್ದು ಸುಮಾರು ಮೂರನೇ ಒಂದು ಪಾಲು ಮಾತ್ರ. ಅಷ್ಟು ಬೇಗ ಮರೆವು! ನಮ್ಮ ಪಾಠಕ್ಕೆ ಅರ್ಥವಿತ್ತು, ನಿಜ. ಆದರೆ ಆರು ವಾರ ಯಾರೂ ಅದನ್ನು ಕೈಯಲ್ಲಿ ಮುಟ್ಟಿರಲಿಲ್ಲವಲ್ಲ.

ತರಬೇತಿ ಫಲ ಕೊಟ್ಟಿತೇ ಎಂದು ನೋಡಲು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಹಂತ ಹೇಳಿದರು. ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸುತ್ತಿದ್ದಾರೆಯೇ, ಸಂಸ್ಥೆಗೆ ಲಾಭವಾಯಿತೇ. ನನ್ನ ಐದಕ್ಕೆ ಐದು ಬರೀ ಮೊದಲ ಮೆಟ್ಟಿಲು! ನನ್ನನ್ನು ಕಾಡುವುದು ಮೂರನೆಯದು. ಅದನ್ನು ನೋಡಬೇಕಾದವರು ನಾವಲ್ಲ, ಪಕ್ಕದಲ್ಲೇ ಇರುವ ಸೂಪರ್‌ವೈಸರ್. ತರಬೇತಿಗೆ ಜನ ಕಳಿಸಿ ಎಂದು ಅವರನ್ನು ಕೇಳಿದರೇ, "ಈ ವಾರ ನಮ್ಮ ಹುಡುಗರನ್ನು ಬಿಡಲು ಆಗುವುದಿಲ್ಲ. ಟಾರ್ಗೆಟ್ ನೀವು ಮುಟ್ಟಿಸ್ತೀರಾ?" ಅವರು ಹೇಳುವುದೂ ಸುಳ್ಳಲ್ಲ. ಬೈಸಿಕೊಳ್ಳುವವರು ಅವರೇ. ಕಲಿತು ಬಂದವನು ಹೊಸ ರೀತಿಯಲ್ಲಿ ತಡಕಾಡುತ್ತಿದ್ದರೆ, "ಹಳೇ ಥರಾನೇ ಬೇಗ ಮುಗಿಸಪ್ಪಾ" ಎನ್ನುತ್ತಾರೆ. ನಮ್ಮ ಎರಡು ದಿನದ ಪಾಠ ಅಲ್ಲಿಗೆ ಮುಗಿಯಿತು.

ದುಡ್ಡಿನ ತಾಪತ್ರಯ ಇದ್ದೇ ಇದೆ. ಖರ್ಚು ಕಡಿತ ಅಂದಾಗ ಕತ್ತರಿ ಬೀಳುವುದು ಜಾಸ್ತಿ ನಮ್ಮ ಬಾಬ್ತಿಗೇ. "ಕಲಿತವರು ಬಿಟ್ಟು ಹೋದರೆ?" ಎಂಬ ಮೇಲಿನವರ ಭಯವೂ ಸುಮ್ನೆ ಹುಟ್ಟಿದ್ದಲ್ಲ. ಹೋದವರನ್ನು ನಾನೂ ನೋಡಿದ್ದೇನೆ.

ಎರಡನೇ ಸಲ ಹಾಲ್ ಬುಕ್ ಮಾಡಲಿಲ್ಲ. ಮೊದಲು ಸೂಪರ್‌ವೈಸರ್‌ಗಳಿಗೇ ಕಲಿಸಿದೆವು. ಆಮೇಲೆ ಉಳಿದವರಿಗೆ ದಿನಾ ಬೆಳಿಗ್ಗೆ 20 ನಿಮಿಷ, ಅವರವರ ಜಾಗದಲ್ಲೇ, ಅವರದೇ ಬಿಲ್ ಇಟ್ಟುಕೊಂಡು. ಗೊಣಗುತ್ತಲೇ ಬಂದಿದ್ದ ಸೂಪರ್‌ವೈಸರ್ ಒಬ್ಬರಿದ್ದರು. ಮೂರನೇ ದಿನ ಒಬ್ಬ ಹುಡುಗಿ ಅದೇ ಪ್ರಶ್ನೆ ಕೇಳಿದಳು, ಬಿಲ್ ರದ್ದು ಮಾಡುವುದು ಎಲ್ಲಿ ಅಂತ. ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ಅವಳ ಕುರ್ಚಿಯ ಪಕ್ಕ ಹೋಗಿ ನಿಂತರು. ಮೌಸ್ ಮುಟ್ಟಲಿಲ್ಲ. "ನೀನೇ ಒತ್ತಮ್ಮ, ನಾನು ಹೇಳ್ತೀನಿ" ಅಂದರು. ನೋಡುತ್ತಾ ನಿಂತ ನನಗೆ ಅವತ್ತು ಹಾಜರಿ ಹಾಳೆಯ ನೆನಪೇ ಆಗಲಿಲ್ಲ.