ನೋಡಿಕೊಳ್ಳುವವರಿಗೂ ಎರಡು ಗಂಟೆ ಬಿಡುವು ಬೇಕು

ಕೇಳುಗರಿಗೆ ನಮಸ್ಕಾರ.

ವಯಸ್ಸಾದವರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ‘ಅರವತ್ತಕ್ಕೆ ಅರಳು ಮರಳು’ ಅಂದು ಸುಮ್ಮನಾಗುತ್ತೇವೆ. ಕನ್ನಡಕ ಎಲ್ಲಿಟ್ಟೆ ಅನ್ನೋದು ಮರೆತರೆ ಸರಿ, ಅದು ವಯಸ್ಸು. ದಿನಾ ಓಡಾಡುವ ದಾರಿಯೇ ತಪ್ಪಿದರೆ, ದುಡ್ಡಿನ ಲೆಕ್ಕ ಹತ್ತದೇ ಹೋದರೆ, ಡಾಕ್ಟರಿಗೆ ತೋರಿಸಲೇಬೇಕು. ಡಿಮೆನ್ಶಿಯಾ ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಮಿದುಳಿನ ಕಾಯಿಲೆ. ಎಲ್ಲ ಮರೆವೂ ಡಿಮೆನ್ಶಿಯಾ ಅಲ್ಲ. ಥೈರಾಯ್ಡ್ ತೊಂದರೆ, ಬಿ12 ವಿಟಮಿನ್ ಕೊರತೆ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಇವಕ್ಕೆ ಚಿಕಿತ್ಸೆ ಇದೆ.

ಡಿಮೆನ್ಶಿಯಾನೇ ಅಂತ ಗೊತ್ತಾದರೆ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 5 ಕೋಟಿ 70 ಲಕ್ಷ ಜನರಿಗೆ ಈ ಕಾಯಿಲೆ ಇತ್ತು. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. ವರ್ಷಗಟ್ಟಲೆ ನೋಡಿಕೊಳ್ಳುವ ಕೆಲಸ ಮನೆಯವರದ್ದೇ. ಆ ಕೆಲಸದ ಹೊತ್ತಿನಲ್ಲಿ ನೂರಕ್ಕೆ 70ರಷ್ಟು ಹೆಂಗಸರ ಪಾಲಿಗೆ ಬೀಳುತ್ತದೆ. ರಾತ್ರಿ ನಿದ್ದೆ ಇಲ್ಲ, ಹಗಲು ಬಾಗಿಲ ಮೇಲೇ ಕಣ್ಣು.

ಅಕ್ಕಪಕ್ಕದವರು ಕೆಟ್ಟವರೇನಲ್ಲ. ‘ಏನಾದ್ರೂ ಬೇಕಿದ್ರೆ ಹೇಳಿ’ ಅನ್ನುತ್ತಾರೆ. ಬಾಯಿಬಿಟ್ಟು ಕೇಳುವವರು ಎಷ್ಟು ಜನ, ಹೇಳಿ? ಅದರ ಬದಲು ‘ಬುಧವಾರ ಮೂರರಿಂದ ಐದರವರೆಗೆ ನಾನು ಇವರ ಜೊತೆ ಕೂತಿರ್ತೀನಿ, ನೀವು ಹೋಗಿ ಮಲಗಿ’ ಅನ್ನಿ. ಮತ್ತೆ ಮುಂದಿನ ಬುಧವಾರವೂ ಹೋಗಿ. ನನ್ನ ಕೇಳಿದರೆ, ಒಂದು ಊರು ಮೊದಲು ಮಾಡಬೇಕಾದ್ದು ಇಷ್ಟೇ. ದೊಡ್ಡ ಕಟ್ಟಡ ಆಮೇಲೆ.

ಹೀಗೆ ಹೊರಗಿನವರೂ ಕೈಜೋಡಿಸುವುದನ್ನು ಕ್ರಮವಾಗಿ ಮಾಡಿದವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ 1993ರಿಂದ, ಕಾಯಿಲೆ ಇದ್ದವರೂ ಅವರ ಮನೆಯವರೂ ಒಂದೇ ಕಡೆ ಸೇರುವ ಕೇಂದ್ರಗಳಿವೆ. ಜಪಾನ್ 2005ರಲ್ಲಿ ಸಾಮಾನ್ಯ ಜನರಿಗೆ, ಬ್ಯಾಂಕಿನವರಿಗೆ, ಶಾಲೆ ಮಕ್ಕಳಿಗೆ, ಈ ಕಾಯಿಲೆ ಇದ್ದವರ ಜೊತೆ ಹೇಗಿರಬೇಕು ಅಂತ ಸುಮಾರು 90 ನಿಮಿಷದ ಪಾಠ ಶುರುಮಾಡಿತು. ಒಂದು ಕೋಟಿಗೂ ಜಾಸ್ತಿ ಜನ ಕಲಿತಿದ್ದಾರೆ. ಅಲ್ಲಿ ಹೇಳಿಕೊಡುವ ಮುಖ್ಯ ಮಾತು ಮೂರೇ: ಬೆಚ್ಚಿಬೀಳಿಸಬೇಡಿ, ಅವಸರ ಮಾಡಬೇಡಿ, ಅವರ ಮರ್ಯಾದೆಗೆ ಕುಂದು ತರಬೇಡಿ. ಹಿಂದಿನಿಂದ ಕೂಗದೆ ಎದುರಿಗೆ ಬಂದು ಮಾತಾಡಿಸಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕು. ತೀರಿಹೋದ ಅಮ್ಮನನ್ನು ಹುಡುಕುತ್ತಿದ್ದರೆ ವಾದಕ್ಕಿಳಿಯದೆ ‘ನಿಮ್ಮಮ್ಮ ಹೇಗಿದ್ರು?’ ಅಂತ ಮಾತಿಗೆಳೆಯಬಹುದು.

ಒಂದು ಎಚ್ಚರಿಕೆ. ನಿನ್ನೆ ಮೊನ್ನೆವರೆಗೆ ಚೆನ್ನಾಗಿದ್ದವರು ದಿಢೀರನೆ ತೀರಾ ಗಲಿಬಿಲಿಗೊಂಡರೆ ಕಾಯಿಲೆ ಜೋರಾಯಿತು ಅಂದುಕೊಂಡು ಕೂರಬೇಡಿ. ಮೂತ್ರದ ಸೋಂಕೋ ಇನ್ನೊಂದೋ ಇರಬಹುದು. ತಕ್ಷಣ ತೋರಿಸಿ.

ಇನ್ನು ಮನೆಯವರಿಗೆ ಒಂದು ಮಾತು. ಕಾಯಿಲೆಯನ್ನು ಮುಚ್ಚಿಡಬೇಡಿ. ಕಾಯಿಲೆ ಇದ್ದವರು ಹೊರಗೆ ಹೋಗುವ ದಾರಿಯಲ್ಲಿ ಯಾರ್ಯಾರು ಸಿಗುತ್ತಾರೋ ಅವರಿಗೆಲ್ಲ ಹೇಳಿಡಿ. ಅವರ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ಹಾಗೆಯೇ ಬುಧವಾರ ಬರ್ತೀನಿ ಅಂತ ಯಾರಾದರೂ ಅಂದರೆ, ಸಂಕೋಚಪಡದೆ ‘ಬನ್ನಿ’ ಅನ್ನಿ.

ನಮಸ್ಕಾರ.