ಅದೇ ಕೀಮೋ, ಅದೇ ಡೋಸು, ಆದ್ರೂ ಒಂದು ಮಗುವಿನ ಕಿಡ್ನಿಗೆ ಮಾತ್ರ ಯಾಕೆ ಪೆಟ್ಟು?

ಕೇಳುಗರೆಲ್ಲರಿಗೂ ನಮಸ್ಕಾರ. ಮಕ್ಕಳ ಕ್ಯಾನ್ಸರ್ ವಾರ್ಡಲ್ಲಿ ಅಮ್ಮಂದಿರು ಕೇಳೋ ಪ್ರಶ್ನೆ ಒಂದಿದೆ, ಪಕ್ಕದ ಬೆಡ್ಡಿನ ಹುಡುಗನಿಗೂ ಇದೇ ಕೀಮೋ ಕೊಟ್ರು, ಅವನ ಕಿಡ್ನಿಗೆ ಏನೂ ಆಗ್ಲಿಲ್ಲ, ನನ್ ಮಗಳಿಗ್ಯಾಕೆ ಹೀಗಾಯ್ತು, ನಾನೇ ಸರಿಯಾಗಿ ನೀರು ಕುಡಿಸ್ಲಿಲ್ವಾ ಅಂತ. ಇಲ್ಲಮ್ಮ, ಅದು ನಿಮ್ಮ ತಪ್ಪಲ್ಲ.

ಸಿಸ್ಪ್ಲಾಟಿನ್ ಅನ್ನೋ ಔಷಧಿ ತಗೊಳ್ಳಿ. ಪ್ಲಾಟಿನಂ ಇರೋ ಔಷಧಿ ಇದು, ಅಮೆರಿಕದಲ್ಲಿ 1978ರಲ್ಲಿ ಒಪ್ಪಿಗೆ ಸಿಕ್ತು, ಮಕ್ಕಳ ಮೂಳೆ ಕ್ಯಾನ್ಸರ್‌ಗೆ, ಲಿವರ್ ಗೆಡ್ಡೆಗೆ, ಮೆದುಳಿನ ಕೆಲವು ಗೆಡ್ಡೆಗಳಿಗೆ ಇವತ್ತಿಗೂ ಬೇಕೇ ಬೇಕು. ಆದ್ರೆ ಅದು ಮೈಯಿಂದ ಆಚೆ ಹೋಗೋದು ಕಿಡ್ನಿ ಮೂಲಕ. ಅಲ್ಲಿನ ಸಣ್ಣ ನಾಳಗಳ ಜೀವಕೋಶಕ್ಕೆ ಎರಡು ಕಡೆ ಬಾಗಿಲಿದೆ ಅಂದ್ಕೊಳ್ಳಿ, ರಕ್ತದ ಕಡೆಯಿಂದ ಔಷಧಿನ ಒಳಗೆ ಬಿಟ್ಕೊಳ್ಳೋದು ಓಸಿಟಿ2 ಅನ್ನೋ ಪ್ರೋಟೀನು, ಮೂತ್ರದ ಕಡೆಗೆ ದಬ್ಬೋದು ಮೇಟ್1 ಅನ್ನೋ ಪ್ರೋಟೀನು. ಬಂದಷ್ಟು ಹೋಗ್ಲಿಲ್ಲ ಅಂದ್ರೆ ಅಲ್ಲೇ ತುಂಬ್ಕೊಂಡು ಜೀವಕೋಶ ಸಾಯುತ್ತೆ. ಈ ಬಾಗಿಲು ಎಷ್ಟು ಅಗಲ ಅನ್ನೋದು ಅಪ್ಪ ಅಮ್ಮನಿಂದ ಬಂದ ಜೀನಲ್ಲೂ ಸ್ವಲ್ಪ ಬರ್ದಿರುತ್ತೆ. ಓಸಿಟಿ2 ಜೀನಲ್ಲಿ ಒಂದೇ ಒಂದು ಅಕ್ಷರ ಬೇರೆ ಇದ್ದೋರಿಗೆ ಪೆಟ್ಟು ಕಮ್ಮಿ ಅಂತ ಕೆಲವು ಅಧ್ಯಯನಗಳು ಹೇಳಿವೆ, ಇನ್ನು ಕೆಲವು ಹಾಗೇನೂ ಕಾಣಲ್ಲ ಅಂದಿವೆ. ಅದಕ್ಕೇ ಜೀನ್ ಟೆಸ್ಟ್ ಮಾಡ್ಸಿ ಕೀಮೋ ಕಮ್ಮಿ ಮಾಡ್ಸಿ ಅಂತ ನಾನು ಹೇಳಲ್ಲ, ಡೋಸು ಕಮ್ಮಿಯಾದ್ರೆ ಗೆಡ್ಡೆನೇ ಉಳ್ಕೊಳ್ಳುತ್ತೆ.

ಜೀನ್ ಒಂದೇ ಕಾರಣಾನೂ ಅಲ್ಲ. ಒಟ್ಟು ಎಷ್ಟು ಔಷಧಿ ಹೋಯ್ತು, ಜ್ವರಕ್ಕೆ ಅಮಿಕಾಸಿನ್ ಥರದ, ಕಿಡ್ನಿಗೆ ಪೆಟ್ಟು ಕೊಡೋ ಆಂಟಿಬಯೋಟಿಕ್ ಏನಾದ್ರೂ ಜೊತೆಗೆ ಕೊಟ್ರಾ, ಇವೆಲ್ಲ ಲೆಕ್ಕಕ್ಕೆ ಬರುತ್ತೆ. ಐಫೋಸ್ಫಮೈಡ್ ಅನ್ನೋ ಇನ್ನೊಂದು ಕೀಮೋ ಔಷಧಿ ಕೊಟ್ಟಾಗಂತೂ ತೀರಾ ಪುಟ್ಟ ಮಕ್ಕಳಿಗೆ, ಒಂದು ಕಿಡ್ನಿ ತೆಗೆಸ್ಕೊಂಡಿರೋ ಮಕ್ಕಳಿಗೆ ಅಪಾಯ ಜಾಸ್ತಿ, ಫಾಸ್ಫೇಟು, ಗ್ಲೂಕೋಸು ಎಲ್ಲ ಮೂತ್ರದಲ್ಲೇ ಸೋರಿ ಹೋಗಿ ಮೂಳೆ ಬಾಗೋದೂ ಉಂಟು.

ಕೀಮೋಗೆ ಮುಂಚೆ ಗಂಟೆಗಟ್ಲೆ ಸಲೈನ್ ಹಾಕೋದು, ಅದ್ರಲ್ಲಿ ಮೆಗ್ನೀಷಿಯಂ ಸೇರಿಸೋದು ಕಿಡ್ನಿ ಕಾಪಾಡೋಕೇ, ಬೇಜಾರು ಮಾಡ್ಕೋಬೇಡಿ. ಒಂದು ವಿಷಯ ನನ್ನನ್ನ ಯಾವಾಗ್ಲೂ ಕಾಡುತ್ತೆ: ಸೊರಗಿದ ಮಗುಗೆ ಮಾಂಸಖಂಡ ಕಮ್ಮಿ, ಹಾಗಾಗಿ ಮಾಂಸಖಂಡದಿಂದ ರಕ್ತಕ್ಕೆ ಬರೋ, ಕಿಡ್ನಿ ಹೇಗಿದೆ ಅಂತ ನೋಡೋಕೆ ಅಳೆಯೋ ಕ್ರಿಯಾಟಿನಿನ್ ನಾರ್ಮಲ್ ಅಂತ ಬಂದ್ರೂ ಕಿಡ್ನಿ ಸೋತಿರಬಹುದು. ಮೆಗ್ನೀಷಿಯಂ ನೋಡಿದ್ರಾ, ಫಾಸ್ಫೇಟ್ ನೋಡಿದ್ರಾ ಅಂತ ಡಾಕ್ಟರನ್ನ ಧೈರ್ಯವಾಗಿ ಕೇಳಿ. ಒಟ್ಟು ಡೋಸ್ ಬರ್ದಿರೋ ಡಿಸ್ಚಾರ್ಜ್ ಫೈಲು ಜೋಪಾನವಾಗಿಟ್ಕೊಳ್ಳಿ, ಹತ್ತು ವರ್ಷ ಆದ್ಮೇಲೆ ಬರೀ ನೆಗಡಿ ಜ್ವರಕ್ಕೆ ಹೋದ್ರೂ ಕಿಡ್ನಿಗೆ ಪೆಟ್ಟು ಕೊಡಬಹುದಾದ ನೋವಿನ ಮಾತ್ರೆ ಬರೆಯೋಕ್ ಮುಂಚೆ ಆ ಫೈಲು ಡಾಕ್ಟರ್ ಕೈಗೆ ಕೊಡಿ. ನಮಸ್ಕಾರ.