ತೇದಿ ಕೊಟ್ಟ ಅರಸ

ಕೇಳುಗರಿಗೆ ನಮಸ್ಕಾರ.

ಅಸ್ಸೀರಿಯ ಎಂದೊಡನೆ ಯುದ್ಧರಥ, ಕೋಟೆಗೆ ಲಗ್ಗೆ, ಸೆರೆಯಾಳುಗಳ ಸಾಲು ಕಣ್ಣಿಗೆ ಕಟ್ಟುತ್ತವೆ. ನಾನಿಂದು ಹೇಳಹೊರಟಿರುವುದು ಅಂಥ ಅರಸನ ವಿಷಯವಲ್ಲ. ಅವನ ಹೆಸರು ಮೂರನೆಯ ಅಶ್ಶೂರ್‌ದಾನ್. ಇಂದಿನ ಉತ್ತರ ಇರಾಕಿನಲ್ಲಿ ಕ್ರಿ.ಪೂ. 772ರಿಂದ 755ರವರೆಗೆ ಆಳಿದವನು. ದುರ್ಬಲ ಅರಸ ಎಂದು ಎಲ್ಲರೂ ಅವನನ್ನು ದಾಟಿ ಮುಂದಕ್ಕೆ ಹೋಗುತ್ತಾರೆ. ದಯವಿಟ್ಟು ದಾಟಬೇಡಿ. ಅಸ್ಸೀರಿಯದ ಇತಿಹಾಸಕ್ಕೆ ತೇದಿ ಸಿಕ್ಕಿರುವುದೇ ಇವನ ಆಳ್ವಿಕೆಯಿಂದ.

ಅದು ಹೇಗೆ? ನಮ್ಮ ಸಂವತ್ಸರಗಳಿಗೆ ಹೆಸರಿರುವಂತೆ ಅವರ ವರ್ಷಗಳಿಗೂ ಹೆಸರಿತ್ತು. ಆದರೆ ಅದು ಮನುಷ್ಯರ ಹೆಸರು. ಪ್ರತಿ ವರ್ಷವೂ ಒಬ್ಬ ಹಿರಿಯ ಅಧಿಕಾರಿ 'ಲಿಮ್ಮು' ಆಗುತ್ತಿದ್ದ, ಆ ವರ್ಷಕ್ಕೆ ಅವನದೇ ಹೆಸರು. ಇದಕ್ಕೆ ಚೀಟಿ ಎತ್ತುವ ಕ್ರಮವೂ ಇತ್ತು. ಅಶ್ಶೂರ್‌ದಾನನಿಗಿಂತ ಹಿಂದೆ, ಮೂರನೆಯ ಶಲ್ಮನೇಸರನ ಕಾಲದಲ್ಲಿ, ಯಹಾಲು ಎಂಬ ಅಧಿಕಾರಿಯಿದ್ದ. ಚೀಟಿಯಂತೆ ಬಳಸಿದ ಅವನ ದಾಳ ಇಂದಿಗೂ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಜೇಡಿಮಣ್ಣಿನ ಪುಟ್ಟ ಘನಾಕೃತಿ, ಮೈತುಂಬ ಬೆಣೆಯಾಕಾರದ ಗೀರುಗಳ ಬೆಣೆಲಿಪಿ. ಅದರಲ್ಲಿ ಯಹಾಲು ಅಶ್ಶೂರ್ ಮತ್ತು ಅದಾದ್ ದೇವರನ್ನು ಏನೆಂದು ಬೇಡಿಕೊಂಡಿದ್ದಾನೆ ಗೊತ್ತೇ? ತನ್ನ ಹೆಸರಿನ ವರ್ಷದಲ್ಲಿ ನಾಡಿನ ಬೆಳೆ ಚೆನ್ನಾಗಿ ಬರಲಿ ಎಂದು! ಅಸ್ಸೀರಿಯದವರು ಕ್ರೂರಿಗಳಷ್ಟೇ ಎನ್ನುವವರಿಗೆ ನಾನು ಯಾವಾಗಲೂ ಈ ದಾಳದ ಕಥೆ ಹೇಳುತ್ತೇನೆ. ವರ್ಷ ಕೆಟ್ಟರೆ ಕೆಡುವುದು ತನ್ನ ಹೆಸರು ಎಂಬ ಅಳುಕು ಆ ಮಣ್ಣಿನಲ್ಲಿ ಉಳಿದುಕೊಂಡಿದೆ.

ಈ ಹೆಸರುಗಳನ್ನು ಲಿಪಿಕಾರರು ಪಟ್ಟಿ ಮಾಡಿ, ಕೆಲವು ಪಟ್ಟಿಗಳಲ್ಲಿ ಆಯಾ ವರ್ಷದ ಮುಖ್ಯ ಘಟನೆಯನ್ನೂ ಬರೆದಿಟ್ಟರು. ಎರಡೂವರೆ ಶತಮಾನಗಳ ಹೆಸರುಗಳು ಒಂದೂ ತಪ್ಪದೆ ಸಾಲಾಗಿ ಸಿಗುತ್ತವೆ. ಆದರೆ ಆ ಸಾಲು ಯಾವ ಕಾಲಕ್ಕೆ ಸೇರಿದ್ದು? ಒಂದು ವರ್ಷ ಖಚಿತವಾದರೆ ಸಾಕು, ಉಳಿದವನ್ನು ಎಣಿಸಿಕೊಳ್ಳಬಹುದು. ಆ ಒಂದು ವರ್ಷ ಅಶ್ಶೂರ್‌ದಾನನದು. ಗುಜಾನ ಎಂಬ ಪ್ರಾಂತ್ಯದ ಅಧಿಪತಿ ಬುರ್‌ಸಗಲೆ ಲಿಮ್ಮು ಆಗಿದ್ದ ವರ್ಷದ ಎದುರಿಗೆ ಹೀಗೆ ಬರೆದಿದೆ: ಅಶ್ಶೂರ್ ನಗರದಲ್ಲಿ ದಂಗೆ, ಸಿಮಾನು ಮಾಸದಲ್ಲಿ (ನಮ್ಮ ಮೇ-ಜೂನ್) ಸೂರ್ಯಗ್ರಹಣ. ಬೆಣೆಲಿಪಿ ಓದಬಲ್ಲ ಇಂಗ್ಲಿಷ್ ವಿದ್ವಾಂಸ ಹೆನ್ರಿ ರಾಲಿನ್ಸನ್ 1867ರಲ್ಲಿ ಇದು ಯಾವ ಗ್ರಹಣವೆಂದು ಗುರುತಿಸಿದ. ಕ್ರಿ.ಪೂ. 763, ಜೂನ್ 15. ಸೂರ್ಯಚಂದ್ರರ ಲೆಕ್ಕ ತಪ್ಪುವುದಿಲ್ಲ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಿದರೆ ಶಲ್ಮನೇಸರನಿಗೂ ಅಶ್ಶೂರ್‌ಬನಿಪಾಲನಿಗೂ ತೇದಿ ಸಿಗುತ್ತದೆ. ಮತ್ತೆ ಹೇಳುತ್ತೇನೆ: ಆ ಪ್ರತಾಪಿಗಳ ತೇದಿಗಳೆಲ್ಲ ಈ ದುರ್ಬಲನ ಗ್ರಹಣಕ್ಕೆ ಋಣಿ.

ದಾಳದ ಕಥೆಗೇ ಹೊತ್ತು ಹಿಡಿಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 765ರಲ್ಲಿ ಪಿಡುಗು. ದಂಗೆ ಅಶ್ಶೂರಿನಿಂದ ಅರ್ರಾಫ ಪಟ್ಟಣಕ್ಕೆ, ಅಲ್ಲಿಂದ ಗುಜಾನಕ್ಕೆ ಹಬ್ಬಿತು. 759ರಲ್ಲಿ ಮತ್ತೆ ಪಿಡುಗು. ಕೆಲವು ವರ್ಷಗಳ ಎದುರಿಗೆ 'ನಾಡಿನಲ್ಲಿಯೇ' ಎಂದಷ್ಟೇ ಇದೆ, ಅಂದರೆ ಸೇನೆ ಹೊರಡಲಿಲ್ಲ. ಆ ದಶಕಗಳ ಸೇನಾಧಿಪತಿ ಶಂಶಿಇಲು ಯೂಫ್ರೆಟಿಸ್ ನದಿ ದಂಡೆಯ ತಿಲ್ ಬಾರ್ಸಿಪ್‌ನ ಕಲ್ಲಿನ ಸಿಂಹಗಳ ಮೇಲೆ ತನ್ನ ಗೆಲುವನ್ನು ಕೊರೆಸಿದಾಗ ಅರಸನ ಹೆಸರನ್ನೇ ಬರೆಸಲಿಲ್ಲ. ಇಷ್ಟಾದರೂ 758ರಲ್ಲಿ ಅಶ್ಶೂರ್‌ದಾನನ ಸೇನೆ ಗುಜಾನಕ್ಕೆ ನಡೆಯಿತು, ಪಟ್ಟಿಯಲ್ಲಿ 'ನಾಡಿನಲ್ಲಿ ಶಾಂತಿ' ಎಂದು ಬಿತ್ತು. ಅವನ ನಂತರ ತಮ್ಮ ಐದನೆಯ ಅಶ್ಶೂರ್‌ನಿರಾರಿ ಪಟ್ಟಕ್ಕೆ ಬಂದ. 745ರಲ್ಲಿ ಮೂರನೆಯ ತಿಗ್ಲತ್‌ಪಿಲೇಸರ್ ಸಿಂಹಾಸನವೇರಿದ. ಅವನ ದಂಡಯಾತ್ರೆಗಳನ್ನು ಎಲ್ಲರೂ ಓದುತ್ತಾರೆ. ಓದುವಾಗ ಆ 745 ಎಂಬ ಅಂಕಿ ಎಲ್ಲಿಂದ ಬಂತೆಂದು ಕೇಳಿಕೊಳ್ಳಿ.

ನಮಸ್ಕಾರ.